ಕಲ್ಹಟ್ಟಿ ಹತ್ತಿದ ದಿನ: ಗುಂಪು ಸವಾರಿಯಲ್ಲಿ ಕೊನೆಯವರ ಜೊತೆ ಯಾರಿರಬೇಕು?

ಕಾವೇರಿದಡದ ಸವಾರ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ನಾವು 14 ಜನ ಸೇರಿ ಆರು ದಿನದ ಸೈಕಲ್ ಪ್ರವಾಸ ಮುಗಿಸಿ ಬಂದೆವು. ಬೆಂಗಳೂರು, ಮೈಸೂರು, ಗುಂಡ್ಲುಪೇಟೆ, ಮಸಿನಗುಡಿ, ಊಟಿ, ಕೋಟಗಿರಿ, ಸತ್ಯಮಂಗಲ, ಚಾಮರಾಜನಗರ, ವಾಪಸ್ ಬೆಂಗಳೂರು. ಬಂಡೀಪುರ, ಮುದುಮಲೆ ಕಾಡಿನ ಭಾಗವನ್ನು ಸೈಕಲ್‌ಗಳನ್ನು ಟೆಂಪೊಗೆ ಏರಿಸಿಕೊಂಡೇ ದಾಟಿದೆವು. ವಾಪಸ್ ಬರುವಾಗ ದಿಂಬಂ ಘಾಟಿಯ 27 ತಿರುವುಗಳನ್ನೂ ಹಾಗೇ ದಾಟಿದೆವು. ಪ್ರವಾಸ ಚೆನ್ನಾಗಿತ್ತು. ಆದರೆ ಮೂರನೇ ದಿನದ ಒಂದು ವಿಷಯ ಮನಸ್ಸಿನಲ್ಲೇ ಉಳಿದಿದೆ. ಅದನ್ನು ಇಲ್ಲಿ ಕೇಳಲೇಬೇಕು.

ಮೂರನೇ ದಿನ ಮಸಿನಗುಡಿಯಿಂದ ಕಲ್ಹಟ್ಟಿ ಘಾಟಿ ಹತ್ತಿ ಊಟಿ, ಅಲ್ಲಿಂದ ಕೋಟಗಿರಿ. ಸುಮಾರು 60 ಕಿ.ಮೀ. ಕಾಗದದ ಮೇಲೆ ಏನೂ ಅಲ್ಲ. ಹಿಂದಿನ ಎರಡು ದಿನ ಇದಕ್ಕಿಂತ ಜಾಸ್ತಿ ಓಡಿಸಿದ ದಿನವೂ ಇತ್ತು. ಆದರೆ ಮಸಿನಗುಡಿ ಸುಮಾರು ಸಾವಿರ ಮೀಟರ್ ಎತ್ತರದಲ್ಲಿದೆ, ಊಟಿ 2240 ಮೀಟರ್. ಸೀಗೂರಿನ ತನಕ ರಸ್ತೆ ಸುಮ್ನೆ ಸಾಗುತ್ತದೆ. ಆಮೇಲೆ ಒಂದೇ ಸಮನೆ 36 ಹೇರ್‌ಪಿನ್ ತಿರುವು. ಹನ್ನೆರಡು ಹದಿಮೂರು ಕಿ.ಮೀ. ಒಳಗೆ ಹೆಚ್ಚುಕಡಿಮೆ ಸಾವಿರ ಮೀಟರ್ ಮೇಲೆ ಹೋಗಬೇಕು. ನನ್ನ ಮೀಟರು ಕೆಲವು ತಿರುವುಗಳ ಒಳಭಾಗದಲ್ಲಿ ಶೇ 15ರ ಏರು ತೋರಿಸಿತು, ಅಂದರೆ ನೂರು ಮೀಟರಿಗೆ 15 ಮೀಟರ್ ಮೇಲೆ.

ನಮ್ಮ ಜೊತೆ 56 ವರ್ಷದ ಒಬ್ಬರಿದ್ದರು. ನನ್ನ ಸೋದರಮಾವ. ಬಯಲಿನಲ್ಲಿ ಅವರು ನಮಗೆಲ್ಲ ಗಾಳಿ ತಡೆದು ಮುಂದೆ ಎಳೆಯುವವರು. ಮೈಸೂರು ದಾರಿಯಲ್ಲಿ ಎರಡು ಗಂಟೆ ಅವರೇ ಮುಂದಿದ್ದರು. ಘಾಟಿ ಶುರುವಾದ ಮೇಲೆ ಗುಂಪು ಚದುರಿತು. ನಾನು ನನ್ನ ಉಸಿರು ನೋಡಿಕೊಂಡು ಹತ್ತುತ್ತಾ ಹೋದೆ. ಹಿಂದೆ ಯಾರಾದರೂ ಇರುತ್ತಾರೆ ಅಂದುಕೊಂಡೆ. ಪ್ರತಿಯೊಬ್ಬರೂ ಹಾಗೇ ಅಂದುಕೊಂಡಿದ್ದರು ಅಂತ ಆಮೇಲೆ ಗೊತ್ತಾಯಿತು.

ಬೆಂಬಲದ ಗಾಡಿ ಮೇಲೆ ತಲೈಕುಂದದಲ್ಲಿ, ಗೂಡಲೂರು ರಸ್ತೆ ಸೇರುವ ಕಡೆ ನಿಂತಿತ್ತು. 13 ಜನ ಸೇರಿದೆವು. ಮಾವ ಇಲ್ಲ. ಫೋನು ಹತ್ತಲಿಲ್ಲ. ಹೊರಗಿನ ವಾಹನಗಳಿಗೆ ಆ ಘಾಟಿಯಲ್ಲಿ ಕೆಳಗಿಳಿಯಲು ಬಿಡುವುದಿಲ್ಲ, ಹಾಗಾಗಿ ಟೆಂಪೊ ವಾಪಸ್ ಕಳಿಸುವಂತಿರಲಿಲ್ಲ. ನಾನು ಸೈಕಲ್ ತಿರುಗಿಸಿ ಇಳಿದೆ. ನನ್ನ ಲೆಕ್ಕದಲ್ಲಿ ಇಪ್ಪತ್ತನೇ ತಿರುವಿನ ಹತ್ತಿರ ಮೋರಿ ಕಟ್ಟೆಯ ಮೇಲೆ ಕೂತಿದ್ದರು. ಮೀನಖಂಡ ಹಿಡಿದುಕೊಂಡಿತ್ತು. ಎರಡೂ ಬಾಟಲಿ ಖಾಲಿ. ಅಂಗಿಯ ಮೇಲೆ ಉಪ್ಪಿನ ಬಿಳಿ ಗೆರೆ. ನಲವತ್ತು ನಿಮಿಷ ಅಲ್ಲೇ ಇದ್ದರಂತೆ. "ಬಂದ್ಯಾ, ಬಾ" ಅಂದರು, ಅಷ್ಟೇ.

ಅದು ಆನೆ ಓಡಾಡುವ ಸೀಮೆ. ಏನೂ ಆಗಲಿಲ್ಲ ನಿಜ. ಆದರೆ ನನಗೆ ಆ ರಾತ್ರಿ ಕೋಟಗಿರಿಯಲ್ಲಿ ನಿದ್ದೆ ಬರಲಿಲ್ಲ. ನಿಮ್ಮ ಗುಂಪುಗಳಲ್ಲಿ ಗುಡ್ಡದ ದಿನ ಹೇಗೆ ಮಾಡುತ್ತೀರಿ? ಒಟ್ಟಿಗೇ ಹತ್ತುತ್ತೀರಾ? ಕಾಯುತ್ತೀರಾ? ಯಾರು ಕೊನೆಯಲ್ಲಿರುತ್ತಾರೆ?


ನಂದಿ ಭಾನುವಾರ

ಮೊದಲು ಮಾವ ಕ್ಷೇಮವಾಗಿದ್ದಾರಲ್ಲ, ಅದು ದೊಡ್ಡದು.

ಒಟ್ಟಿಗೆ ಹತ್ತುವ ಮಾತು ಬಿಟ್ಟುಬಿಡಿ. ಆಗುವುದಿಲ್ಲ. ಬಯಲಿನಲ್ಲಿ ಒಬ್ಬರ ಹಿಂದೆ ಒಬ್ಬರು ಹೋದರೆ ಹಿಂದಿನವರಿಗೆ ಗಾಳಿ ತಡೆಯುತ್ತದೆ, ಅದರಿಂದಲೇ ಗುಂಪು ಗುಂಪಾಗಿ ಉಳಿಯುತ್ತದೆ. ಏರಿನಲ್ಲಿ ಗಂಟೆಗೆ ಏಳೆಂಟು ಕಿ.ಮೀ. ವೇಗದಲ್ಲಿ ಗಾಳಿಯ ಲೆಕ್ಕವೇ ಇಲ್ಲ. ಅಲ್ಲಿ ಭಾರ ಎತ್ತುವ ಕೆಲಸ. ನಿಮ್ಮ ಮಾವ ಬಯಲಿನಲ್ಲಿ ಎಳೆದದ್ದಕ್ಕೆ ಏರಿನಲ್ಲಿ ಯಾರೂ ವಾಪಸ್ ಕೊಡಲು ಆಗಲಿಲ್ಲ, ಏಕೆಂದರೆ ಅಲ್ಲಿ ಅಂಥ ಸಹಾಯ ಸಾಧ್ಯವೇ ಇಲ್ಲ.

ನಿಧಾನದವರ ವೇಗಕ್ಕೆ ಉಳಿದವರು ಇಳಿದರೆ ಅವರಿಗೂ ಕಷ್ಟ. ಪ್ರತಿಯೊಬ್ಬರ ಕಾಲಿಗೂ ಒಂದು ಲಯ ಇರುತ್ತದೆ. ಅದು ತಪ್ಪಿದರೆ ಮಂಡಿ ನೋವು ಗ್ಯಾರಂಟಿ. ಹಾಗಾಗಿ ಅವರವರ ವೇಗದಲ್ಲಿ ಹತ್ತಲಿ. ಸೇರುವ ಜಾಗ ಮೊದಲೇ ಗೊತ್ತಿರಲಿ.

ಇನ್ನೊಂದು. ಬೆಂಗಳೂರಿನವರು ನಂದಿ ಹತ್ತಿದ ಧೈರ್ಯದಲ್ಲಿ ಕಲ್ಹಟ್ಟಿಗೆ ಹೋಗುತ್ತಾರೆ. ನಾನೂ ಹೋಗಿದ್ದೆ. ನಂದಿಯ ಏರು ಏಳೂವರೆ ಕಿ.ಮೀ. ಆಸುಪಾಸು, ನಡುನಡುವೆ ಉಸಿರಾಡಲು ಬಿಡುತ್ತದೆ. ಕಲ್ಹಟ್ಟಿ ಬಿಡುವುದಿಲ್ಲ.


ಚೈನು ಗ್ರೀಸು

ನಾನು ಸೈಕಲ್ ರಿಪೇರಿ ಕೆಲಸದಲ್ಲಿದ್ದೇನೆ. ಒಂದು ಪ್ರಶ್ನೆ. ನಿಮ್ಮ ಮಾವನ ಸೈಕಲ್‌ನಲ್ಲಿ ಚೈನು ಕೂರುವ ಹಿಂದಿನ ಹಲ್ಲುಚಕ್ರಗಳಲ್ಲಿ ಅತಿ ದೊಡ್ಡದಕ್ಕೆ ಎಷ್ಟು ಹಲ್ಲು?


ಕಾವೇರಿದಡದ ಸವಾರ

28. ಮುಂದೆ ಚಿಕ್ಕದು 34.


ಚೈನು ಗ್ರೀಸು

ಹಾಗೇ ಅಂದುಕೊಂಡೆ. ಅರ್ಧ ಕಷ್ಟ ಅಲ್ಲೇ ಇದೆ.

ಲೆಕ್ಕ ಸುಲಭ. ಮುಂದೆ 34, ಹಿಂದೆ 28 ಇದ್ದರೆ ಪೆಡಲ್ ಒಂದು ಸುತ್ತು ಬಂದಾಗ ಸೈಕಲ್ ಸುಮಾರು ಎರಡೂವರೆ ಮೀಟರ್ ಮುಂದೆ ಹೋಗುತ್ತದೆ. ಹಿಂದೆಯೂ 34 ಇದ್ದರೆ ಎರಡು ಮೀಟರ್ ಚಿಲ್ಲರೆ. ಈಗ ಶೇ 9ರ ಏರಿನಲ್ಲಿ ಅವರು ಗಂಟೆಗೆ 6 ಕಿ.ಮೀ. ಹೋಗುತ್ತಿದ್ದರು ಅಂತಿಟ್ಟುಕೊಳ್ಳಿ. 28ರಲ್ಲಿ ನಿಮಿಷಕ್ಕೆ 40 ಸುತ್ತು ಕೂಡ ಆಗುವುದಿಲ್ಲ. ಅದು ತುಳಿಯುವುದಲ್ಲ, ಪ್ರತಿ ಸಲ ಮೆಟ್ಟಿಲ ಮೇಲೆ ನಿಂತು ಮೈಯೆತ್ತಿದ ಹಾಗೆ. ಒಂದೂವರೆ ಗಂಟೆ ಹಾಗೆ ಮಾಡಿದರೆ ಇಪ್ಪತ್ತೈದರ ಹುಡುಗನಿಗೂ ಮೀನಖಂಡ ಹಿಡಿಯುತ್ತದೆ.

ಬೇಕಾದರೆ ಇನ್ನೊಂದು ಕಡೆಯಿಂದ ನೋಡಿ. 28ರಲ್ಲಿ ನಿಮಿಷಕ್ಕೆ 60 ಸುತ್ತು ಇಟ್ಟುಕೊಳ್ಳಬೇಕಾದರೆ ವೇಗ ಗಂಟೆಗೆ 9 ಕಿ.ಮೀ. ಬೇಕು. ಆ ಏರಿನಲ್ಲಿ, 75 ಕೆ.ಜಿ. ಮನುಷ್ಯ, 12 ಕೆ.ಜಿ. ಸೈಕಲ್ಲು ಸಾಮಾನು ಅಂದರೆ 200 ವಾಟ್ ದಾಟುತ್ತದೆ. ಹಿಂದೆ 34 ಇದ್ದರೆ ಅದೇ 60 ಸುತ್ತು ಏಳೂವರೆ ಕಿ.ಮೀ.ಗೆ ಸಿಗುತ್ತದೆ, 170 ವಾಟ್ ಆಸುಪಾಸಿನಲ್ಲಿ ಮುಗಿಯುತ್ತದೆ. ಆ ಮೂವತ್ತು ವಾಟ್ ವ್ಯತ್ಯಾಸದಲ್ಲೇ ಒಬ್ಬರು ಮೇಲೆ ಸೇರುತ್ತಾರೆ, ಒಬ್ಬರು ಮೋರಿಯ ಮೇಲೆ ಕೂರುತ್ತಾರೆ.

ದೊಡ್ಡ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಹಾಕಿಸಿಕೊಳ್ಳಲು, ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಹಿಂದಿನ ಡಿರೇಲರ್‌ಗೆ ಅದು ಹೊಂದುತ್ತದಾ ಅಂತ ಮೊದಲು ನೋಡಬೇಕು. ಚೈನೂ ಉದ್ದ ಬೇಕಾಗುತ್ತದೆ. ಇದನ್ನು ಹೊರಡುವ ಹಿಂದಿನ ದಿನ ಮಾಡಿಸಬೇಡಿ. ಎರಡು ವಾರ ಮೊದಲು ಮಾಡಿಸಿ, ಒಂದು ಗುಡ್ಡ ಹತ್ತಿ ನೋಡಿ.


ಎರಡುನೂರರ ಹಾದಿ

ನಾನು ಬ್ರೆವೆಗಳನ್ನು, ಅಂದರೆ ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿಗಳನ್ನು ಓಡಿಸುವವನು. 200 ಕಿ.ಮೀ. ಹದಿಮೂರೂವರೆ ಗಂಟೆಯಲ್ಲಿ ಮುಗಿಸಬೇಕು. ಅಲ್ಲಿ ನಿಯಮವೇ ಹಾಗೆ, ನಿನ್ನ ಪಾಡು ನಿನಗೆ. ಪಂಕ್ಚರ್ ಆದರೂ ನೀನೇ, ಹಸಿವಾದರೂ ನೀನೇ. ಅದನ್ನು ಒಪ್ಪಿಕೊಂಡೇ ಎಲ್ಲರೂ ಬರುತ್ತಾರೆ. ಹಾಗಾಗಿ ಮೊದಲು ನಿಮ್ಮ ಮಾತು ಓದಿದಾಗ, ಪ್ರತಿಯೊಬ್ಬರೂ ತಮ್ಮ ನೀರು, ತಮ್ಮ ಊಟ, ತಮ್ಮ ಜವಾಬ್ದಾರಿ ಹೊರಬೇಕು ಅಂತಲೇ ಬರೆಯೋಣ ಅಂದುಕೊಂಡೆ. ಎರಡೇ ಬಾಟಲಿ ನೀರಿನಲ್ಲಿ ಕಲ್ಹಟ್ಟಿ ಹತ್ತಬಾರದಿತ್ತು.

ಆದರೆ ನೀವು ಹೋದದ್ದು ಪ್ರವಾಸಕ್ಕೆ. ಒಂದೇ ಟೆಂಪೊ, ಒಂದೇ ಅಡುಗೆ, ಒಂದೇ ರೂಮು. ಅಲ್ಲಿ ಬ್ರೆವೆಯ ನಿಯಮ ನಡೆಯುವುದಿಲ್ಲ. ಒಪ್ಪುತ್ತೇನೆ.


ಟೀ ತೋಟದ ಅಕ್ಕ

ನಾನು ಹೇಳುವುದು ಸ್ವಲ್ಪ ಉದ್ದ ಆಗಬಹುದು. ಎಂಟು ವರ್ಷದಿಂದ ನಮ್ಮ ಗುಂಪಿನಲ್ಲಿ ನಾನೇ ಸ್ವೀಪ್. ಸ್ವೀಪ್ ಅಂದರೆ ಕೊನೆಯ ಸವಾರರ ಹಿಂದೆ ಇರುವವರು. ಅವರನ್ನು ದಾಟಿ ಮುಂದೆ ಹೋಗುವಂತಿಲ್ಲ. ಅವರು ನಿಂತರೆ ನಿಲ್ಲಬೇಕು.

ಎಲ್ಲ ಗುಂಪಿನವರೂ ಸ್ವೀಪ್ ಇದ್ದಾರೆ ಅನ್ನುತ್ತಾರೆ. ಆದರೆ ಹೆಚ್ಚಿನ ಕಡೆ ಆ ಕೆಲಸವನ್ನು ಗುಂಪಿನಲ್ಲಿ ನಿಧಾನವಾಗಿ ಹೋಗುವವರಿಗೇ ಕೊಟ್ಟುಬಿಡುತ್ತಾರೆ. "ಹೇಗೂ ನೀವು ಹಿಂದೇ ಇರ್ತೀರಲ್ಲ" ಅಂತ. ಇದು ತಪ್ಪು. ನಿಧಾನದವರೇ ಸ್ವೀಪ್ ಆದರೆ ಅವರ ಹಿಂದೆ ಯಾರಿದ್ದಾರೆ? ಸ್ವೀಪ್ ಆಗುವವರು ಗುಂಪಿನ ಗಟ್ಟಿ ಸವಾರರಲ್ಲಿ ಒಬ್ಬರಾಗಿರಬೇಕು. ಅವರಿಗೆ ಮಾತನಾಡಲು ಉಸಿರು ಉಳಿದಿರಬೇಕು. ಟ್ಯೂಬ್, ಪಂಪು, ಚೈನ್ ಟೂಲ್, ಒಂದು ಲೀಟರ್ ಜಾಸ್ತಿ ನೀರು, ಉಪ್ಪು-ಸಕ್ಕರೆ ಪುಡಿ, ಒಂದು ಕ್ರೇಪ್ ಬ್ಯಾಂಡೇಜು ಹೊತ್ತಿರಬೇಕು. ಅವರಿಗೆ ಆ ದಿನ ತಮ್ಮ ಸಮಯದ ಚಿಂತೆ ಇರಬಾರದು. ಅದಕ್ಕೇ ದಿನಕ್ಕೊಬ್ಬರಂತೆ ಹಂಚಿಕೊಳ್ಳಿ. ಇಡೀ ಪ್ರವಾಸ ಒಬ್ಬರ ತಲೆಗೇ ಕಟ್ಟಬೇಡಿ.

ಇನ್ನು ಸೇರುವ ಜಾಗ. ಘಾಟಿಯ ತುದಿ ಒಂದೇ ಸೇರುವ ಜಾಗ ಆದರೆ ಸಾಲದು. ಕಲ್ಹಟ್ಟಿಯಲ್ಲಿ ತಿರುವಿಗೊಂದು ಸಂಖ್ಯೆಯ ಫಲಕ ಇದೆ, ಅದನ್ನೇ ಬಳಸಿಕೊಳ್ಳಿ. ನಾವು ಒಂಬತ್ತು ತಿರುವಿಗೊಮ್ಮೆ ನಿಲ್ಲುತ್ತೇವೆ. ನಿಂತು ಎಲ್ಲರಿಗೂ ಕಾಯುವುದಿಲ್ಲ. ಮುಂದಿನವರು ತಮ್ಮ ಹಿಂದಿನ ಒಬ್ಬರ ಮುಖ ನೋಡಿ, "ಸರಿನಾ?" ಅಂತ ಕೇಳಿ ಹೊರಡುತ್ತಾರೆ. ಆ ಒಬ್ಬರು ತಮ್ಮ ಹಿಂದಿನವರ ಮುಖ ನೋಡುತ್ತಾರೆ. ಹೀಗೆ ಕೊಂಡಿ ಕೊನೆಯವರೆಗೂ ಹೋಗುತ್ತದೆ. ಯಾರ ಮೈಯೂ ತಣ್ಣಗಾಗುವುದಿಲ್ಲ, ಯಾರ ಲೆಕ್ಕವೂ ತಪ್ಪುವುದಿಲ್ಲ.

ನಿಮ್ಮ ಗುಂಪಿನಲ್ಲಿ "ಹಿಂದೆ ಯಾರಾದರೂ ಇರುತ್ತಾರೆ" ಅಂತ 13 ಜನ ಅಂದುಕೊಂಡಿರಿ ಅಂತ ಬರೆದಿದ್ದೀರಲ್ಲ. ಅದನ್ನು ಓದಿ ನನಗೆ ಸಂಕಟ ಆಯಿತು. ಹಾಗೆ ಆಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಿಮ್ಮಲ್ಲಿ ಕೆಟ್ಟವರು ಯಾರೂ ಇಲ್ಲ. ಹೆಸರಿಟ್ಟು ಕೆಲಸ ಒಪ್ಪಿಸದೇ ಇದ್ದರೆ ಒಳ್ಳೆಯವರ ಗುಂಪಿನಲ್ಲೂ ಹೀಗೇ ಆಗುತ್ತದೆ.


ಗ್ರನೋಬಲ್‌ನಿಂದ ಕನ್ನಡಿಗ

ಅಕ್ಕ ಹೇಳಿದ ಫಲಕದ ಮಾತಿಗೆ ಒಂದು ಸೇರಿಸುತ್ತೇನೆ. ನಾನು ಕೆಲಸದ ಮೇಲೆ ಫ್ರಾನ್ಸಿನಲ್ಲಿದ್ದೇನೆ. ಇಲ್ಲಿ ಆಲ್ಪ್ ದ್ಯುಎಜ್ ಅಂತ ಹೆಸರಾದ ಏರು ಇದೆ. 13.8 ಕಿ.ಮೀ., 21 ತಿರುವು, ಸರಾಸರಿ ಶೇ 8.1. ಟೂರ್ ಡಿ ಫ್ರಾನ್ಸ್ ನೋಡುವವರಿಗೆ ಗೊತ್ತಿರುತ್ತದೆ. ತಿರುವುಗಳ ಸಂಖ್ಯೆ ಕೆಳಗಿನಿಂದ 21, 20, 19 ಅಂತ ಇಳಿಯುತ್ತಾ ಹೋಗುತ್ತದೆ. ಪ್ರತಿ ಫಲಕದಲ್ಲೂ ಅಲ್ಲಿ ಗೆದ್ದ ಸವಾರರ ಹೆಸರು. ಉದ್ದ, ಎತ್ತರ ಎರಡರಲ್ಲೂ ನಮ್ಮ ಕಲ್ಹಟ್ಟಿ ಅದರ ಜೋಡಿ. ಎರಡನ್ನೂ ಹತ್ತಿದ ಮೇಲೆ ಹೇಳುತ್ತಿದ್ದೇನೆ, ಕಲ್ಹಟ್ಟಿಯೇ ಕಷ್ಟ.

ಇಲ್ಲಿನ ಕ್ಲಬ್ಬಿನವರ ಜೊತೆ ಹೋದಾಗ ಒಂದು ನೋಡಿದೆ. ಬೇಗ ಹತ್ತಿದವರು ತುದಿಯಲ್ಲಿ ಕೂತು ಕಾಯುವುದಿಲ್ಲ. ವಾಪಸ್ ಇಳಿದು, ಕೊನೆಯವರನ್ನು ಸೇರಿ, ಅವರ ಜೊತೆ ಎರಡನೇ ಸಲ ಹತ್ತುತ್ತಾರೆ. ಮೈ ತಣ್ಣಗಾಗುವುದಿಲ್ಲ, ಅವರಿಗೂ ಬೇಕಾದಷ್ಟು ಏರು ಸಿಗುತ್ತದೆ, ಕೊನೆಯವರಿಗೆ ಜೊತೆ ಸಿಗುತ್ತದೆ.


ನಂದಿ ಭಾನುವಾರ

ಇದು ಒಳ್ಳೆಯದು. ಗಟ್ಟಿ ಹುಡುಗರಿಗೆ ಇದನ್ನು ಹೇಳಿದರೆ ಖುಷಿಯಿಂದ ಒಪ್ಪುತ್ತಾರೆ.


ನೀಲಗಿರಿ ನೆರೆ

ನಾನು ಗುಂಡ್ಲುಪೇಟೆ ಕಡೆಯವನು. ದಾರಿಯ ಬಗ್ಗೆ ಎರಡು ಮಾತು.

ವಾಪಸ್ ಇಳಿಯುವ ಪದ್ಧತಿ ಕಲ್ಹಟ್ಟಿಯಲ್ಲಿ ಬೇಡ. ಅದು ಬಹಳ ಕಡಿದಾದ ಇಳಿಜಾರು. ಬ್ರೇಕ್ ಕೈಕೊಟ್ಟು ಆದ ಅಪಘಾತಗಳಿಂದಲೇ ಅಲ್ಲಿ ಹೊರಗಿನ ವಾಹನಗಳನ್ನು ಇಳಿಯಲು ಬಿಡುವುದಿಲ್ಲ. ಮೂಲ ಬರಹದಲ್ಲಿ ನೀವು ಒಬ್ಬರೇ ಇಳಿದು ಹೋದಿರಿ ಅಂತ ಓದಿ ಗಾಬರಿಯಾಯಿತು. ಮಾವನ ಮೇಲಿನ ಪ್ರೀತಿ ಅರ್ಥವಾಗುತ್ತದೆ. ಆದರೂ ಬೇಡ. ಅಕ್ಕ ಹೇಳಿದ ಸ್ವೀಪ್ ಪದ್ಧತಿಯೇ ಸರಿ.

ಆನೆ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಮಸಿನಗುಡಿ, ಮಾವನಹಳ್ಳ, ಸೀಗೂರು ಪ್ರಸ್ಥಭೂಮಿ ಎಲ್ಲ ಆನೆಗಳು ದಾಟುವ ದಾರಿ. ಆ ಆನೆ ಕಾರಿಡಾರನ್ನು 2020ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಬೆಳಿಗ್ಗೆ ಬೇಗ ಹೊರಟರೆ ಬಿಸಿಲು ತಪ್ಪುತ್ತದೆ ಅಂತ ಕತ್ತಲಲ್ಲೇ ಹೊರಡುವವರಿದ್ದಾರೆ. ಅಲ್ಲಿ ಮಾತ್ರ ಹಾಗೆ ಮಾಡಬೇಡಿ. ಚೆನ್ನಾಗಿ ಬೆಳಕು ಬರಲಿ. ಘಾಟಿಯ ಬುಡದ ತನಕ ಎಲ್ಲರೂ ಒಟ್ಟಿಗೇ ಹೋಗಿ. ಅಲ್ಲಿ ಏರಿಲ್ಲ, ಚದುರಲು ಕಾರಣವೂ ಇಲ್ಲ.

ನೀರಿನ ವಿಷಯ. ನೀಲಗಿರಿಯಲ್ಲಿ ಬಳಸಿ ಎಸೆಯುವ ಪ್ಲಾಸ್ಟಿಕ್ ಬಾಟಲಿ ನಿಷೇಧ. ದಾರಿಯಲ್ಲಿ ಬಾಟಲಿ ಕೊಂಡರಾಯಿತು ಅಂದುಕೊಂಡು ಹೋದರೆ ಸಿಗುವುದಿಲ್ಲ. ಮಸಿನಗುಡಿಯಲ್ಲೇ ಎಲ್ಲ ತುಂಬಿಸಿಕೊಳ್ಳಿ. ಮೇಲೆ ಬಡಗರ ಊರುಗಳಿವೆ. ಹಟ್ಟಿ ಅಂತ ಹೆಸರು ಕೊನೆಯಾಗುವ ಊರು ಕಂಡರೆ ಅದು ಹೆಚ್ಚಾಗಿ ಅವರದೇ. ಬಡಗ ಭಾಷೆ ನಮ್ಮ ಕನ್ನಡಕ್ಕೆ ತುಂಬಾ ಹತ್ತಿರ. ನಿಧಾನವಾಗಿ ಮಾತನಾಡಿದರೆ ಅರ್ಧಕ್ಕಿಂತ ಜಾಸ್ತಿ ಅರ್ಥವಾಗುತ್ತದೆ. ನೀರು ಕೇಳಿದರೆ ಇಲ್ಲ ಅನ್ನುವವರಲ್ಲ.


ಕಾವೇರಿದಡದ ಸವಾರ

ಇದು ನಿಜ ಸರ್. ಊಟಿ ದಾಟಿ ಕೋಟಗಿರಿ ದಾರಿಯಲ್ಲಿ ಒಂದು ಪುಟ್ಟ ಅಂಗಡಿಯಲ್ಲಿ ನಿಂತಿದ್ದೆವು. ಅಂಗಡಿಯ ಅಜ್ಜಿ ಬಿಳಿ ಸೀರೆ, ತಲೆಗೆ ಬಿಳಿ ಬಟ್ಟೆ ಸುತ್ತಿದ್ದರು. ನಾವು ಕನ್ನಡದಲ್ಲಿ ಕೇಳಿದೆವು, ಅವರು ಬಡಗದಲ್ಲಿ ಹೇಳಿದರು. ಮಾವನ ಕಾಲು ನೋಡಿ ಒಳಗೆ ಹೋಗಿ ಬಿಸಿನೀರು ತಂದುಕೊಟ್ಟರು. ಬಟ್ಟೆ ಅದ್ದಿ ಹೇಗೆ ಇಡಬೇಕು ಅಂತ ಅವರೇ ತೋರಿಸಿದರು. ಮಾವ ಅಲ್ಲಿಂದ ಕೋಟಗಿರಿ ತನಕ ಮತ್ತೆ ಸೈಕಲ್ಲಿನಲ್ಲೇ ಬಂದರು. ಬೇಡ ಅಂದರೂ ಕೇಳಲಿಲ್ಲ.


ಡಾಂಬರು ದಾರಿ

ಊಟಿಯಿಂದ ಕೋಟಗಿರಿಗೆ ಇಳಿಜಾರು ಅಂತ ನಂಬಿ ಹೋದವರಿಗೆ ಅಲ್ಲಿ ಇನ್ನೊಂದು ಆಘಾತ ಕಾದಿರುತ್ತದೆ. ಊಟಿ ಬಿಟ್ಟ ಕೂಡಲೇ ದೊಡ್ಡಬೆಟ್ಟದ ಕವಲಿನ ತನಕ ಮತ್ತೆ ಏರು. ದಣಿದ ಕಾಲಿಗೆ ಅದೇ ದೊಡ್ಡ ಪರೀಕ್ಷೆ. ಊಟಿಯಲ್ಲಿ ಊಟ ಮಾಡಿ ಹೊರಡುವಾಗಲೇ ಇದನ್ನು ಎಲ್ಲರಿಗೂ ಹೇಳಿಬಿಡಬೇಕು.

ಊಟದ ಬಗ್ಗೆಯೂ ಒಂದು ಮಾತು. ಹತ್ತುವ ಮುಂಚೆ ಹೊಟ್ಟೆ ಬಿರಿಯ ತಿನ್ನಬೇಡಿ. ಮೂರು ಇಡ್ಲಿ, ಒಂದು ಬಾಳೆಹಣ್ಣು ಸಾಕು. ಆಮೇಲೆ ಅರ್ಧ ಗಂಟೆಗೊಮ್ಮೆ ಏನಾದರೂ ಬಾಯಿಗೆ ಹೋಗುತ್ತಿರಲಿ. ನಾನು ಶೇಂಗಾ ಉಂಡೆಯನ್ನು ನಾಲ್ಕು ತುಂಡು ಮಾಡಿ ಅಂಗಿಯ ಹಿಂದಿನ ಜೇಬಿನಲ್ಲಿಟ್ಟಿರುತ್ತೇನೆ. ಹಸಿವಾದ ಮೇಲೆ ತಿಂದರೆ ತಡವಾಗಿರುತ್ತದೆ. ನಿಂಬೆ, ಉಪ್ಪು, ಬೆಲ್ಲದ ಪಾನಕ ಒಂದು ಬಾಟಲಿ, ಬರೀ ನೀರು ಇನ್ನೊಂದು.

ಮೇಲೆ ಸೇರಿದ ಕೂಡಲೇ ಗಾಳಿ ತಡೆಯುವ ಜಾಕೆಟ್ ಹಾಕಿಕೊಳ್ಳಿ. ಬೆವರಿದ ಅಂಗಿಯಲ್ಲಿ ತಲೈಕುಂದದ ಗಾಳಿಗೆ ಹತ್ತು ನಿಮಿಷ ನಿಂತರೆ ನಡುಕ ಶುರುವಾಗುತ್ತದೆ.


ಎರಡುನೂರರ ಹಾದಿ

ಇಳಿಜಾರಿನ ಬಗ್ಗೆ ಯಾರೂ ಬರೆದಿಲ್ಲ. ಮರುದಿನ ಕೋಟಗಿರಿಯಿಂದ ಮೇಟುಪಾಳ್ಯಂಗೆ ಮೂವತ್ತು ಚಿಲ್ಲರೆ ಕಿ.ಮೀ. ಬರೀ ಇಳಿಯುವುದು. ನನಗೆ ಏರಿಗಿಂತ ಇದೇ ಭಯ. ಬ್ರೇಕ್ ಒತ್ತಿಹಿಡಿದೇ ಇಳಿದರೆ, ಗಾಲಿಯ ಅಂಚನ್ನೇ ಒತ್ತುವ ರಿಮ್ ಬ್ರೇಕ್ ಇರುವ ಸೈಕಲ್ಲಿನಲ್ಲಿ ರಿಮ್ಮು ಕಾದು ಟ್ಯೂಬ್ ಒಡೆಯಬಹುದು. ತಿರುವಿನ ಮುಂಚೆಯೇ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ತಿರುವಿನೊಳಗೆ ಬಿಟ್ಟುಬಿಡಿ. ನಡುವೆ ಎರಡು ಸಲವಾದರೂ ನಿಂತು ಆರಲು ಬಿಡಿ. ಗುಂಪಿನಲ್ಲಿ ಇಳಿಯುವಾಗ ಒಬ್ಬರಿಗೊಬ್ಬರು ಅಂತರ ಬಿಡಿ.


ಚೈನು ಗ್ರೀಸು

ಹೌದು. ಹೊರಡುವ ಮುಂಚೆ ಬ್ರೇಕ್ ಪ್ಯಾಡ್ ನೋಡಿಸಿ. ಗುಡ್ಡದ ಪ್ರವಾಸಕ್ಕೆ ಒಂದು ಜೊತೆ ಹೊಸ ಪ್ಯಾಡ್ ಜೇಬಿನಲ್ಲೇ ಇರಬೇಕು.

ಆ ಸೀಮೆಯ ಬಗ್ಗೆ ನನಗೆ ತುಂಬಾ ಇಷ್ಟವಾದ ಒಂದು ಲೆಕ್ಕ ಇದೆ. ಮೇಟುಪಾಳ್ಯಂನಿಂದ ಊಟಿಗೆ ಹೋಗುವ ಪುಟ್ಟ ರೈಲು ಇದೆಯಲ್ಲ, 1908ರಲ್ಲಿ ಊಟಿ ತಲುಪಿದ್ದು, ಅದರ ಅತಿ ಕಡಿದಾದ ಏರು 12ಕ್ಕೆ 1. ಅಂದರೆ ಶೇ 8.33. ಅಷ್ಟಕ್ಕೇ ಬರೀ ಹಳಿಯ ಮೇಲೆ ಗಾಲಿ ಜಾರುತ್ತದೆ ಅಂತ ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಕಿದ್ದಾರೆ, ಎಂಜಿನ್ ಅದನ್ನು ಕಚ್ಚಿಕೊಂಡು ಹತ್ತುತ್ತದೆ. ಕಲ್ಹಟ್ಟಿಯ ಸರಾಸರಿಯೇ ಹೆಚ್ಚುಕಡಿಮೆ ಅಷ್ಟು. ಅಷ್ಟು ಏರನ್ನು ಮನುಷ್ಯ ಎರಡು ಕಾಲಲ್ಲಿ ಹತ್ತುತ್ತಾನೆ. ಅದಕ್ಕೇ ಹೇಳುವುದು, ಹಲ್ಲು ಕಡಿಮೆ ಹಾಕಿಕೊಂಡು ಹೋಗಬೇಡಿ.


ಹಳೇ ಹರ್ಕ್ಯುಲಿಸ್

ಎಲ್ಲರಿಗೂ ನಮಸ್ಕಾರ. ನಾನೇ ಆ ಮಾವ. ಹುಡುಗ ಇಲ್ಲಿ ಬರೆದಿದ್ದಾನೆ ಅಂತ ನಿನ್ನೆ ಹೇಳಿದ. ಓದಿದೆ. ನೀವೆಲ್ಲ ಇಷ್ಟು ಕಾಳಜಿಯಿಂದ ಬರೆದಿದ್ದೀರಿ, ಸುಮ್ಮನಿರಲು ಆಗಲಿಲ್ಲ.

ನನಗೆ ಯಾರ ಮೇಲೂ ಬೇಸರ ಇಲ್ಲ. ನಾನು ಹಿಂದುಳಿದಾಗ ಇಬ್ಬರು ಹುಡುಗರು "ಜೊತೆಗೆ ಬರ್ಲಾ ಅಂಕಲ್" ಅಂತ ಕೇಳಿದ್ದರು. ಬೇಡ, ನೀವು ಹೋಗಿ ಅಂತ ನಾನೇ ಕಳಿಸಿದೆ. ಇದನ್ನು ಹುಡುಗನಿಗೆ ಇವತ್ತಿನ ತನಕ ಹೇಳಿರಲಿಲ್ಲ. ಈಗ ಹೇಳಿದೆ. ಅವರಿಗೆ ತೊಂದರೆ ಕೊಡಬಾರದು ಅಂತ ಅನ್ನಿಸಿತು. ವಯಸ್ಸಾದವರಿಗೆ ಹಾಗೆ ಅನ್ನಿಸುತ್ತದೆ. ಹಾಗಾಗಿ ಆ ತಾಯಿ ಹೇಳಿದ್ದು ನನಗೆ ಸರಿ ಕಂಡಿತು. ಹಿಂದೆ ಇರುವುದು ಒಬ್ಬರ ಕೆಲಸ ಅಂತ ಮೊದಲೇ ಗೊತ್ತು ಮಾಡಿದ್ದರೆ ನಾನು ಬೇಡ ಅನ್ನುವ ಪ್ರಶ್ನೆಯೇ ಬರುತ್ತಿರಲಿಲ್ಲ. "ಬರ್ಲಾ" ಅಂತ ಕೇಳಿದರೆ ನನ್ನಂಥವರು ಬೇಡ ಅಂತಲೇ ಅನ್ನುತ್ತೇವೆ. ದಯವಿಟ್ಟು ಕೇಳಬೇಡಿ, ಸುಮ್ನೆ ಜೊತೆಗಿರಿ.

ಆ ನಲವತ್ತು ನಿಮಿಷ ಹೇಗಿತ್ತು ಅಂತಲೂ ಹೇಳುತ್ತೇನೆ. ಮೊದಲ ಹತ್ತು ನಿಮಿಷ ಕಾಲಿನ ನೋವು ಬಿಟ್ಟು ಬೇರೇನೂ ಇಲ್ಲ. ಹೆಬ್ಬೆರಳು ಹಿಡಿದು ಪಾದವನ್ನು ನನ್ನ ಕಡೆಗೆ ಎಳೆದುಕೊಂಡು ಕೂತಿದ್ದೆ. ಆಮೇಲೆ ಕಿವಿ ತೆರೆಯಿತು. ಕೆಳಗೆ ಎಲ್ಲೋ ಬಿದಿರು ಮುರಿದ ಸದ್ದು. ಗಾಳಿಗೋ, ಆನೆಗೋ ತಿಳಿಯಲಿಲ್ಲ. ಎದೆ ಹೊಡೆದುಕೊಂಡಿತು. ರಸ್ತೆಯ ಆಚೆ ಬದಿ ಬಂಡೆಗೆ ಹತ್ತಿರ ಸರಿದು ಕೂತೆ. ಒಂದು ಜೀಪು ಮೇಲಿನಿಂದ ಬಂತು, ಕೈ ಮಾಡುವಷ್ಟರಲ್ಲಿ ತಿರುವು ದಾಟಿ ಹೋಯಿತು. ಕೆಳಗೆ ನೋಡಿದರೆ ನಾನು ಹತ್ತಿ ಬಂದ ರಸ್ತೆ ಮೂರು ನಾಲ್ಕು ಮಡಿಕೆಯಾಗಿ ಕಾಣುತ್ತಿತ್ತು. ಅಷ್ಟು ಹತ್ತಿದ್ದೇನಲ್ಲ ಅಂತ ಧೈರ್ಯ ಬಂತು. ನೀರು ಇದ್ದಿದ್ದರೆ ಅಲ್ಲಿಂದ ನಾನೇ ಎದ್ದು ಹೊರಡುತ್ತಿದ್ದೆ.

ಹುಡುಗ ಬಂದ ಮೇಲೆ ಉಳಿದ ತಿರುವುಗಳನ್ನು ಸೈಕಲ್ ತಳ್ಳಿಕೊಂಡು ಸ್ವಲ್ಪ, ತುಳಿದು ಸ್ವಲ್ಪ ಹತ್ತಿದೆ. ಅವನು ಪಕ್ಕದಲ್ಲೇ ಇದ್ದ. ಮಾತು ಜಾಸ್ತಿ ಆಡಲಿಲ್ಲ. ಕೊನೆಯ ಎರಡು ತಿರುವು ತುಳಿದೇ ಹತ್ತಿದೆ.

ಡಿಸೆಂಬರಿನಲ್ಲಿ ಮತ್ತೆ ಹೋಗುವ ಮನಸ್ಸಿದೆ. ಗ್ರೀಸು ಅವರೇ, ನನ್ನದು ಹತ್ತು ಸ್ಪೀಡಿನ ಹಳೇ ಸೈಕಲ್ಲು. ಅದಕ್ಕೆ 34 ಹಲ್ಲಿನದು ಕೂರುತ್ತದಾ?


ಚೈನು ಗ್ರೀಸು

ನಮಸ್ಕಾರ ಸರ್. ಹಿಂದಿನ ಡಿರೇಲರ್‌ನ ಎರಡು ಪುಟ್ಟ ಗಾಲಿಗಳ ನಡುವೆ ಎಷ್ಟು ಉದ್ದ ಇದೆ ಅಂತ ಒಂದು ಸ್ಕೇಲ್ ಇಟ್ಟು ಫೋಟೊ ತೆಗೆದು ಇಲ್ಲಿ ಹಾಕಿ. ಗಿಡ್ಡದಿದ್ದರೆ ಅದನ್ನೂ ಬದಲಿಸಬೇಕಾಗುತ್ತದೆ. ಹತ್ತು ಸ್ಪೀಡಿನ, 11ರಿಂದ 34 ಹಲ್ಲಿನ ಕ್ಯಾಸೆಟ್ ಒಂದು ನನ್ನ ಹತ್ತಿರ ಇದೆ, ಸ್ವಲ್ಪವೇ ಬಳಸಿದ್ದು. ದುಡ್ಡು ಬೇಡ. ಚೈನು ಮಾತ್ರ ಹೊಸದು ತನ್ನಿ.


ಟೀ ತೋಟದ ಅಕ್ಕ

ಸರ್, ಡಿಸೆಂಬರಿನಲ್ಲಿ ಹೋಗುವ ದಿನ ಗೊತ್ತಾದರೆ ಇಲ್ಲೇ ತಿಳಿಸಿ. ಕಲ್ಹಟ್ಟಿಯ ದಿನ ನಾನು ಸ್ವೀಪ್ ಆಗಿ ಬರುತ್ತೇನೆ. ಕೇಳುತ್ತಿಲ್ಲ, ಬರುತ್ತೇನೆ.


ಹಳೇ ಹರ್ಕ್ಯುಲಿಸ್

ಬನ್ನಿ ತಾಯಿ. ಫೋಟೊ ನಾಳೆ ಬೆಳಿಗ್ಗೆ ಬೆಳಕಿನಲ್ಲಿ ತೆಗೆದು ಹಾಕುತ್ತೇನೆ.